ಮ್ಯಾಮಿಲ್ಲೇರಿಯಾ ಎಲಾಂಗೇಟಾ: ಗುಂಪಿನ ನಡುವೆ ಗಾಳಿ ಆಡಬೇಕು

ಬೆಂಗಳೂರಿನ ಬಾಲ್ಕನಿಗೆ ಒಂದೇ ಒಂದು ಕ್ಯಾಕ್ಟಸ್ ಸಾಕು ಅನ್ನುವವರಿಗೆ ನಾನು ಹೇಳುವುದು ಮ್ಯಾಮಿಲ್ಲೇರಿಯಾ ಎಲಾಂಗೇಟಾ. ಬೆರಳು ಗಾತ್ರದ ಕಾಂಡಗಳು. ಬುಡದಿಂದ ಮರಿ ಮೇಲೆ ಮರಿ ಬಂದು ಗುಂಪಾಗುತ್ತಾ ಹೋಗುತ್ತದೆ. ಮುಳ್ಳುಗಳು ಹಿಂದಕ್ಕೆ ಬಾಗಿ ಮೈಗೆ ಒರಗಿಕೊಂಡಿರುತ್ತವೆ, ಹಾಗಾಗಿ ಮುಟ್ಟಿದರೂ ಅಷ್ಟಾಗಿ ಚುಚ್ಚುವುದಿಲ್ಲ. ನನ್ನದು ಸಣ್ಣ ಪ್ಲಾಸ್ಟಿಕ್ ಕುಂಡದಲ್ಲಿ ಬಂದದ್ದು, ಈಗ ಅಗಲವಾದ ಮಣ್ಣಿನ ಬೋಗುಣಿ ತುಂಬಿದೆ.

ಇದರ ತವರು ಮೆಕ್ಸಿಕೋದ ಹಿಡಾಲ್ಗೊ, ಕೆರೆಟಾರೊ ಕಡೆಯ ಒಣ ಪ್ರದೇಶ. ಅಲ್ಲೂ ಮಳೆ ಬರುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಚಳಿಗಾಲ ಒಣ. ಅಂದರೆ ನಮ್ಮ ಕ್ಯಾಲೆಂಡರ್‌ಗೆ ಹೆಚ್ಚು ಕಮ್ಮಿ ಹೊಂದುತ್ತದೆ. ತೊಂದರೆ ಏನಂದರೆ ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ ಮುಸುಕಿ, ಗಾಳಿಯಲ್ಲೇ ತೇವ ನಿಂತುಬಿಡುತ್ತದೆ. ಒಂಟಿ ಕ್ಯಾಕ್ಟಸ್ ಆದರೆ ಬೇಗ ಒಣಗುತ್ತದೆ. ಗುಂಪಾಗಿ ಬೆಳೆದದ್ದು ನಡುವೆ ಒಣಗುವುದಿಲ್ಲ, ಕೊಳೆ ಶುರುವಾಗುವುದೂ ಅಲ್ಲೇ. ಅದಕ್ಕೇ ಮಳೆಗಾಲದಲ್ಲಿ ನನ್ನ ಗಿಡ ಸೂರಿನ ಕೆಳಗೆ, ಗಾಳಿ ಆಡುವ ಕಡೆ ಇರುತ್ತದೆ.

ಕುಂಡ ಆಳ ಬೇಡ, ಅಗಲ ಇರಲಿ. ಒಂದು ಪಾಲು ಕೆಂಪು ಮಣ್ಣು ಮತ್ತು ಹಳೆಯ ಗೊಬ್ಬರಕ್ಕೆ ಎರಡು ಪಾಲು ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು) ಹಾಕುತ್ತೇನೆ. ಸಿಗದಿದ್ದರೆ ಇಟ್ಟಿಗೆ ಚೂರು, ಪುಡಿ ಜರಡಿ ಹಿಡಿದು ತೆಗೆದದ್ದು. ನರ್ಸರಿಯಿಂದ ತಂದ ಗಿಡದ ಬೇರಿನಲ್ಲಿರುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಪೂರ್ತಿ ಉದುರಿಸಿಬಿಡಿ. ಒದ್ದೆಯಾದರೆ ದಿನಗಟ್ಟಲೆ ಹಾಗೇ ಇರುತ್ತದೆ, ಪೂರಾ ಒಣಗಿದ ಮೇಲೆ ನೀರನ್ನೇ ಕುಡಿಯುವುದಿಲ್ಲ.

ನೀರಿಗೆ ವಾರ, ದಿನ ಲೆಕ್ಕ ಇಡುವುದಿಲ್ಲ. ಉರಿದು ಉಳಿದ ಅಗರಬತ್ತಿ ಕಡ್ಡಿಯನ್ನು ಕಾಂಡಗಳ ನಡುವೆ ಮಣ್ಣಿಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತೇನೆ. ತುದಿ ಒದ್ದೆಯಾಗಿ ಕಪ್ಪಾಗಿದ್ದರೆ, ಮಣ್ಣು ಅಂಟಿದ್ದರೆ ನೀರು ಬೇಡ. ಒಣಗಿದ್ದರೆ ಅಂಚಿನಿಂದ ಸುತ್ತ ಹಾಕುತ್ತೇನೆ, ತಳದಿಂದ ಇಳಿಯುವವರೆಗೆ.

ಹಿಟ್ಟು ತಿಗಣೆ (ಮೀಲಿಬಗ್, ರಸ ಹೀರುವ ಬಿಳಿ ಕೀಟ) ಅಡಗುವುದೂ ನಡುವೆಯೇ. ಟಾರ್ಚ್ ಹಿಡಿದು ಕಾಂಡಗಳ ಸಂದಿ ನೋಡಬೇಕು, ಯಾಕಂದರೆ ಮುಳ್ಳಿನ ಬುಡದ ಬಿಳಿ ಉಣ್ಣೆಯ ಜೊತೆ ಅದು ಸುಲಭವಾಗಿ ಬೆರೆತುಹೋಗುತ್ತದೆ. ಕಂಡರೆ ಸರ್ಜಿಕಲ್ ಸ್ಪಿರಿಟ್ ಅದ್ದಿದ ಇಯರ್‌ಬಡ್‌ನಲ್ಲಿ ಒರೆಸಿ, ಒಂದೆರಡು ದಿನ ನೆರಳಲ್ಲಿ ಇಡಿ. ಹಳೆಯ ಕಾಂಡದ ಬುಡ ಕಂದು ಬಣ್ಣಕ್ಕೆ ತಿರುಗಿ ತೊಗಟೆಯ ಹಾಗೆ ಆದರೆ ಗಾಬರಿ ಬೇಡ, ಅದು ವಯಸ್ಸು. ಒತ್ತಿ ನೋಡಿ: ಗಟ್ಟಿ ಇದ್ದರೆ ಸರಿ, ಮೆತ್ತಗಿದ್ದರೆ ಅವತ್ತೇ ಕಿತ್ತು ತೆಗೆಯಿರಿ.

ಬೆಳಗಿನ ಬಿಸಿಲು ಬೇಕೇ ಬೇಕು. ಬೆಳಕು ಸಾಲದಿದ್ದರೆ ತುದಿ ಸಣಕಲಾಗುತ್ತದೆ, ಆಮೇಲೆ ಬಿಸಿಲಿಗಿಟ್ಟರೂ ಆ ಭಾಗ ದಪ್ಪ ಆಗುವುದಿಲ್ಲ. ಏಪ್ರಿಲ್‌ನ ಮಧ್ಯಾಹ್ನಕ್ಕೆ ಮಾತ್ರ ಶೇಡ್ ನೆಟ್ ಕಟ್ಟುತ್ತೇನೆ. ಡಿಸೆಂಬರ್, ಜನವರಿ ಹೆಚ್ಚು ಕಮ್ಮಿ ಒಣಗಿಸಿಯೇ ಬಿಡುತ್ತೇನೆ. ಕಾಂಡ ಸ್ವಲ್ಪ ಸುಕ್ಕಾಗುತ್ತದೆ, ಆಗಲಿ. ಹಾಗೆ ಬಿಟ್ಟರೇನೇ ಬಿಸಿಲು ಏರುವ ಹೊತ್ತಿಗೆ ಮೊಗ್ಗು ಚೆನ್ನಾಗಿ ಬರುತ್ತದೆ ಅನ್ನುವುದು ನಾನು ಕಂಡಿದ್ದು. ಹೂವು ನೆತ್ತಿಯಲ್ಲಿ ಅಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ ಬಳೆ ತೊಡಿಸಿದ ಹಾಗೆ ಸುತ್ತಲೂ, ತಿಳಿ ಕೆನೆ ಬಣ್ಣದಲ್ಲಿ. ಅಂಗಡಿಯಲ್ಲಿ ಇದರ ನೆತ್ತಿಯ ಮೇಲೆ ಗಾಢ ಬಣ್ಣದ ದೊಡ್ಡ ಹೂವು ಕಂಡರೆ ಅದು ಗೋಂದಿನಲ್ಲಿ ಅಂಟಿಸಿದ್ದು, ಆ ಗಿಡ ಬಿಟ್ಟುಬಿಡಿ.

ಗುಂಪು ತೀರಾ ಒತ್ತಾದಾಗ, ಮಳೆ ಶುರುವಾಗುವ ಮೊದಲೇ, ನಡುವಿನಿಂದ ಕೆಲವು ಕಾಂಡ ತಿರುಚಿ ತೆಗೆಯುತ್ತೇನೆ. ಗಾಳಿಗೂ ದಾರಿ, ಸಸಿಗೂ ದಾರಿ. ತೆಗೆದ ಕಾಂಡವನ್ನು ಗಾಯ ಒಣಗಲು ಒಂದು ವಾರ ನೆರಳಲ್ಲಿಟ್ಟು, ಒಣ ಮಣ್ಣಿನ ಮೇಲೆ ನಿಲ್ಲಿಸಿದರೆ ಸಾಕು. ಮೆಲ್ಲಗೆ ಎಳೆದಾಗ ಹಿಡಿತ ಸಿಕ್ಕಿದರೆ ಬೇರು ಬಂದಿದೆ ಅಂತ ಅರ್ಥ. ನೀರು ಅದಾದ ಮೇಲೆ.