ರೂಟರ್ ಬದಲಾದಾಗ ನಿಂತುಹೋಗುತ್ತಿದ್ದ ಮಲ್ಟಿಕಾಸ್ಟ್ ವಿಡಿಯೋ: ನನ್ನ ಅನುಭವ

ಲ್ಯಾಬಿನಲ್ಲಿ ಎರಡು ರೂಟರ್ ಇಟ್ಟು ಮೊಬೈಲ್ ಐಪಿವಿ6 (ಸಾಧನ ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ಹೋದರೂ ಸಂಪರ್ಕ ಉಳಿಸುವ ವಿಧಾನ) ಪರೀಕ್ಷೆ ಮಾಡುತ್ತಿದ್ದೆ. ಲ್ಯಾಪ್‌ಟಾಪ್ ಒಂದು ರೂಟರ್‌ನಿಂದ ಇನ್ನೊಂದಕ್ಕೆ ಹೋದಾಗ ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಸಂದೇಶ) ಬೇಗ ಮರಳುತ್ತಿತ್ತು. ಮಲ್ಟಿಕಾಸ್ಟ್ ವಿಡಿಯೋ (ಒಂದು ಗುಂಪಿಗೆ ಸೇರಿದ ಎಲ್ಲ ಸಾಧನಗಳಿಗೂ ಒಟ್ಟಿಗೆ ಹೋಗುವ ವಿಡಿಯೋ) ಮಾತ್ರ ಒಮ್ಮೊಮ್ಮೆ ಎರಡು ನಿಮಿಷ ನಿಂತೇಬಿಡುತ್ತಿತ್ತು. ಎರಡು ದಿನ ಸುಮ್ನೆ ವೈಫೈ ಸಿಗ್ನಲ್ ನೋಡುತ್ತಾ ಕಳೆದೆ.

ಕೊನೆಗೆ ನೆಟ್‌ವರ್ಕ್‌ನ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ಹಾಕಿ ನೋಡಿದೆ. ಈ ಲ್ಯಾಪ್‌ಟಾಪ್‌ಗೆ ಯಾವ ಗುಂಪಿನ ವಿಡಿಯೋ ಬೇಕು ಅಂತ ಹೊಸ ರೂಟರ್‌ಗೆ ಗೊತ್ತೇ ಇಲ್ಲ! ಅದು ಎಂಎಲ್‌ಡಿ (ಯಾರಿಗೆ ಯಾವ ಗುಂಪು ಬೇಕೆಂದು ರೂಟರ್ ತಿಳಿದುಕೊಳ್ಳುವ ಪ್ರೋಟೋಕಾಲ್) ಮೂಲಕ ಕೇಳುವುದು 125 ಸೆಕೆಂಡಿಗೊಮ್ಮೆ. ಲ್ಯಾಪ್‌ಟಾಪ್ ಕೂಡ ತಾನಾಗಿ ಹೇಳುತ್ತಿರಲಿಲ್ಲ. ಇಂಟರ್‌ಫೇಸ್ ಡೌನ್ ಆಗದ ಕಾರಣ ಜಾಗ ಬದಲಾಗಿದ್ದೇ ಅದಕ್ಕೆ ತಿಳಿದಿರಲಿಲ್ಲ.

ಮೊದಲು ಆ ಅವಧಿಯನ್ನು 10 ಸೆಕೆಂಡಿಗೆ ಇಳಿಸಿದೆ. ಕೆಲಸವಾಯಿತು, ಆದರೆ ಎಲ್ಲ ಸಾಧನಗಳೂ ಪದೇ ಪದೇ ಉತ್ತರಿಸುತ್ತಾ ವೈಫೈ ಮೇಲೆ ಹೊರೆ ಜಾಸ್ತಿಯಾಯಿತು. ಅದನ್ನು ವಾಪಸ್ ತೆಗೆದೆ. ಹೊಸ ರೂಟರ್ ತಾನಿದ್ದೇನೆ ಎಂದು ಸಾರುವ ಸಂದೇಶ ಕಂಡ ತಕ್ಷಣ ಗುಂಪು ಬಿಟ್ಟು ಮತ್ತೆ ಸೇರುವ ಚಿಕ್ಕ ಸ್ಕ್ರಿಪ್ಟ್ ಬರೆದೆ. ಎರಡು ನಿಮಿಷದ ತಡೆ ಒಂದೆರಡು ಸೆಕೆಂಡಿಗೆ ಇಳಿಯಿತು.

ಆ ಒಂದೆರಡು ಸೆಕೆಂಡೂ ನನಗೆ ಒಪ್ಪಿಗೆಯಾಗಲಿಲ್ಲ. ನೇರ ಪ್ರಸಾರದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ, ಅಲ್ವಾ? ಲ್ಯಾಪ್‌ಟಾಪ್ ಹೊರಡುವ ಮೊದಲೇ ಗುಂಪಿನ ಪಟ್ಟಿ ಹೊಸ ರೂಟರ್‌ಗೆ ತಲುಪಬೇಕು. 2014ರ ಆರ್‌ಎಫ್‌ಸಿ 7411 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಹೇಳುವುದು ಇದನ್ನೇ. ಫಾಸ್ಟ್ ಹ್ಯಾಂಡೋವರ್ (ರೂಟರ್ ಬದಲಾವಣೆಗೆ ಮೊದಲೇ ಸಿದ್ಧತೆ ಮಾಡುವ ವಿಧಾನ) ಸಂದೇಶದ ಜೊತೆ ಗುಂಪಿನ ವಿವರವೂ ಹೋಗುತ್ತದೆ. ಹೊಸ ರೂಟರ್ ಆ ಗುಂಪಿಗೆ ಸೇರುವವರೆಗೆ ಹಳೆಯದು ಪ್ಯಾಕೆಟ್‌ಗಳನ್ನು ಟನಲ್‌ನಲ್ಲಿ, ಅಂದರೆ ಎರಡು ರೂಟರ್‌ಗಳ ನಡುವಿನ ನೇರ ದಾರಿಯಂಥ ಸಂಪರ್ಕದಲ್ಲಿ, ಕಳಿಸುತ್ತದೆ. ಎರಡೂ ರೂಟರ್‌ಗಳಲ್ಲಿ ಇದರ ಸರಳ ರೂಪವನ್ನು ಬರೆದು ಹಾಕಿದೆ. ಈಗ ಲ್ಯಾಪ್‌ಟಾಪ್ ಹಿಡಿದು ಕಾರಿಡಾರ್‌ನಲ್ಲಿ ನಡೆದರೂ ವಿಡಿಯೋ ನಿಲ್ಲುವುದಿಲ್ಲ.