ಕೇಳಿದಷ್ಟಕ್ಕೇ ಉತ್ತರ: ನನ್ನ ಅನುಭವ

“ಅವಿಶ್ವಾಸಿಗಳು ತಾವಾಗಿ ಕೇಳುವ ತನಕ ಬಾಯಿ ತೆರೆಯುವುದಿಲ್ಲವೆಂದರೆ ಯೇಸುವಿನ ಸುವಾರ್ತೆ ಸಾರುವುದು ಯಾವಾಗ?” ಎಂದು ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ನನ್ನನ್ನು ಆಕ್ಷೇಪಿಸಿದ್ದರು. ಅದಾಗಿ ಸುಮಾರು 4 ವರ್ಷಗಳಾದವು. ನನ್ನೊಡನೆ ಕೆಲಸ ಮಾಡುವ 12 ಮಂದಿ ಅವಿಶ್ವಾಸಿಗಳಲ್ಲಿ ನಾಲ್ವರು ತಾವಾಗಿಯೇ ಬಂದು ನನ್ನ ನಂಬಿಕೆಯನ್ನು ವಿಚಾರಿಸಿದ್ದಾರೆ; ನಮ್ಮ ಸಭೆಯಲ್ಲಿ ಬೇರೆ ಯಾರಿಗೂ ಇಷ್ಟು ಒದಗಿದ್ದನ್ನು ನಾನು ಕಂಡಿಲ್ಲ.

ಈ ರೀತಿಯನ್ನು ಹಿಡಿಯುವ ಮೊದಲಿನ 2 ವರ್ಷ ದಂಡವಾಯಿತು. ಸಭೆಗೆ ಕೊಡುವ ದಶಮಾಂಶವನ್ನು (ಆದಾಯದ ಹತ್ತರಲ್ಲಿ ಒಂದು ಪಾಲನ್ನು) ಬಿಟ್ಟು ಮತ್ತೆ ಒಂದು ತಿಂಗಳ ಸಂಬಳದಷ್ಟು ಹಣವನ್ನು ಕರಪತ್ರಗಳಿಗೆ ಸುರಿದೆ; 600ರಷ್ಟು ಅಚ್ಚಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಪಾಟಿನಲ್ಲೇ ಉಳಿದವು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮಗುವನ್ನು ಕಳೆದುಕೊಂಡ ಸಹೋದ್ಯೋಗಿಯೊಬ್ಬರು “ನಿಮ್ಮ ದೇವರು ಯಾಕೆ ಸುಮ್ಮನಿದ್ದ?” ಎಂದು ಕೇಳಿದಾಗ ನಾನು 20 ನಿಮಿಷ ಬೈಬಲಿನ ವಚನಗಳನ್ನು ಒಪ್ಪಿಸಿದ್ದು. ಅವರು ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಎದ್ದುಹೋದರು.

ಸಮಯವನ್ನು ಸದುಪಯೋಗಿಸಿಕೊಳ್ಳಿರಿ ಎಂದು ಕೊಲೊಸ್ಸೆ ಪಟ್ಟಣದ ವಿಶ್ವಾಸಿಗಳಿಗೆ ಪತ್ರ ಬರೆಯುವಾಗ (ಕೊಲೊಸ್ಸೆ 4:5) ಸೆರೆಯಲ್ಲಿದ್ದ ಅಪೊಸ್ತಲ ಪೌಲನು ಬಳಸಿದ ಗ್ರೀಕ್ ಪದವು ಸಂತೆಯಲ್ಲಿ ಕೊಂಡುಕೊಳ್ಳುವ ಪದ. ನಾನು ಕೊಟ್ಟ ಬೆಲೆ ಇದು: ಪಾಲಿಗೆ ಬಂದ ಕೆಲಸವನ್ನು ವೇಳೆಗೆ ಮೊದಲೇ ಮುಗಿಸುವುದು, ಉಳಿದ ಬಿಡುವನ್ನು ಇತರರ ಮಾತಿಗೆ ಕಿವಿಗೊಡಲು ಮೀಸಲಿಡುವುದು, ಪ್ರಶ್ನೆ ಬಂದಾಗ ಎರಡು ವಾಕ್ಯಗಳಲ್ಲಿ ಉತ್ತರಿಸಿ ನಿಲ್ಲಿಸುವುದು. ಬೈಬಲಿನಲ್ಲಿ ಪಾರಸಿಯ ಅರಸ ಅರ್ತಷಸ್ತನು ಕೇಳಿದ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಅವನ ಪಾನದಾಯಕನಾದ ನೆಹೆಮೀಯನು ಪ್ರಾರ್ಥಿಸಿದನಲ್ಲವೇ, ಆ ಒಂದು ಉಸಿರಿನಷ್ಟು ಮೌನವನ್ನು ಅಭ್ಯಾಸ ಮಾಡಲು ನನಗೆ 8 ತಿಂಗಳಾದರೂ ಹಿಡಿದಿರಬೇಕು. ಆ ಮೌನದಲ್ಲಿ ನಾನು ಏನೆಂದು ಪ್ರಾರ್ಥಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದು ತಿಂಗಳು ಉತ್ತರಗಳನ್ನೆಲ್ಲ ಮೊಬೈಲ್ ಸಂದೇಶದಲ್ಲಿ ಕಳುಹಿಸಿ ನೋಡಿದೆ. ಮುಖ ಕಾಣದ ಕಡೆ ನನ್ನ ಮೆದು ಮಾತೂ ಗದರಿಕೆಯಾಗಿ ಕೇಳಿಸುತ್ತಿತ್ತು. ಒಬ್ಬರು ತಿಂಗಳುಗಟ್ಟಲೆ ಮಾತು ಬಿಟ್ಟರು. ಆ ದಾರಿಯನ್ನು ಯಾರೂ ಹಿಡಿಯಬೇಡಿ.

ಮಗುವನ್ನು ಕಳೆದುಕೊಂಡ ಆ ಸಹೋದ್ಯೋಗಿಯ ಬಳಿಗೆ ಹೋಗಲು ನನಗೆ ಬಹಳ ಕಾಲ ಧೈರ್ಯ ಬರಲಿಲ್ಲ. ಕೊನೆಗೆ ಹೋಗಿ, “ಅಂದು ನಿಮ್ಮ ಮಗುವಿನ ಹೆಸರನ್ನು ಸಹ ನಾನು ಕೇಳಲಿಲ್ಲ, ಕ್ಷಮಿಸಿ” ಎಂದೆ. ಅವರು ಹೆಸರು ಹೇಳಿದರು. ಬಹಳ ಹೊತ್ತಿನ ಮೇಲೆ, “ನಿಮ್ಮ ಯೇಸು ಎಂದಾದರೂ ಅತ್ತದ್ದುಂಟೇ?” ಎಂದರು. “ಉಂಟು, ಗೆಳೆಯ ಲಾಜರನು ಸತ್ತಾಗ” ಎಂದಷ್ಟೇ ಹೇಳಿ ನಿಲ್ಲಿಸಿದೆ. ಮರುದಿನ ಊಟದ ಬಿಡುವಿನಲ್ಲಿ ಅವರೇ ಕುರ್ಚಿಯನ್ನು ಎಳೆದುಕೊಂಡು ಬಂದು, ಮಿಕ್ಕ ಕಥೆಯನ್ನು ಹೇಳಿ ಎಂದರು.