ಟೈರ್ ಮೊದಲು, ಚಕ್ರ ಆಮೇಲೆ

ಗ್ರ್ಯಾವೆಲ್ ಸೈಕಲ್ಲಿಗೆ, ಅಂದರೆ ಜಲ್ಲಿ-ಮಣ್ಣಿನ ದಾರಿಯ ಸೈಕಲ್ಲಿಗೆ, ಹೊಸ ಚಕ್ರ ಕೊಳ್ಳಲು ಹೊರಟವರ ಕಣ್ಣು ಸಾಮಾನ್ಯವಾಗಿ ಮೊದಲು ತೂಕದ ಮೇಲೆ ಬೀಳುತ್ತದೆ. ನಾನು ಟೈರಿನಿಂದ ಶುರು ಮಾಡಿದೆ. ಜಲ್ಲಿ ದಾರಿಗೆ 40 ಮಿ.ಮೀ. ಅಗಲದ್ದು, ಕಲ್ಲು ಹೆಚ್ಚಿದ್ದರೆ 45. ಅದಕ್ಕಿಂತ ಕಿರಿದಾದದ್ದನ್ನು ಈ ಸೈಕಲ್ಲಿಗೆ ಹಾಕುವ ಯೋಚನೆಯೇ ನನಗಿರಲಿಲ್ಲ. ಇಷ್ಟು ಖಚಿತವಾದ ಮೇಲೆ, ರಿಮ್ಮಿಗೆ ಕೊಕ್ಕೆ ಬೇಕೋ ಬೇಡವೋ ಎಂಬ ಜಗಳ ಅರ್ಧ ಮುಗಿದಂತೆಯೇ.

ಕೊಕ್ಕೆಯಿರುವ ರಿಮ್ಮಿನ ಅಂಚು ತುಸು ಒಳಕ್ಕೆ ಬಾಗಿರುತ್ತದೆ. ಗಾಳಿ ತುಂಬಿದಾಗ ಟೈರಿನ ಬೀಡ್, ಅಂದರೆ ರಿಮ್ಮಿನೊಳಗೆ ಕೂರುವ ಅದರ ಗಟ್ಟಿ ಅಂಚು, ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹುಕ್‌ಲೆಸ್, ಅಂದರೆ ಕೊಕ್ಕೆಯಿಲ್ಲದ, ರಿಮ್ಮಿನ ಗೋಡೆ ನೆಟ್ಟಗಿರುತ್ತದೆ. ಅಲ್ಲಿ ಟೈರ್ ನಿಲ್ಲುವುದು ಬೀಡಿನ ಬಿಗಿತದಿಂದ ಮಾತ್ರ. ಬೀಡ್ ಒಂದಿಷ್ಟು ಹಿಗ್ಗಿದರೂ ಕಷ್ಟ. ಆದ್ದರಿಂದಲೇ ಈ ರಿಮ್ಮಿಗೆ ಟ್ಯೂಬ್‌ಲೆಸ್ ಟೈರನ್ನಷ್ಟೇ ಹಾಕಬೇಕು. ಒಳಗೆ ಟ್ಯೂಬ್ ಇಟ್ಟರೂ ಸಾಮಾನ್ಯ ಟೈರ್ ಇಲ್ಲಿ ಸಲ್ಲದು. ಟ್ಯೂಬ್‌ಲೆಸ್ ಟೈರಿನೊಳಗೆ ತುರ್ತಿಗೆಂದು ಟ್ಯೂಬ್ ಹಾಕಿಕೊಳ್ಳುವುದು ಬೇರೆ ಮಾತು, ಅದಕ್ಕೆ ಅಡ್ಡಿಯಿಲ್ಲ.

ಇನ್ನೊಂದು ಕಟ್ಟುಪಾಡು ಗಾಳಿಯದು. ಹುಕ್‌ಲೆಸ್ ರಿಮ್ಮಿಗೆ ಗರಿಷ್ಠ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. ಟೈರಿನ ಮೇಲೋ ರಿಮ್ಮಿನ ಮೇಲೋ ಅದಕ್ಕಿಂತ ಕಡಿಮೆ ಬರೆದಿದ್ದರೆ ಆ ಕಡಿಮೆಯದ್ದೇ ಮಿತಿ. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ಸೈಕಲ್ ಸ್ಪರ್ಧೆಯಲ್ಲಿ ಬೆಲ್ಜಿಯಂನ ವೃತ್ತಿಪರ ಸವಾರ ಥಾಮಸ್ ಡಿ ಗೆಂಡ್ಟ್ ಅವರ ಟೈರ್ ರಿಮ್ಮಿನಿಂದ ಕಳಚಿಕೊಂಡು ಅವರು ಬಿದ್ದಾಗ ಹುಕ್‌ಲೆಸ್ ಬಗ್ಗೆ ದೊಡ್ಡ ಗದ್ದಲವೆದ್ದಿತು. ಅವರ ಚಕ್ರದಲ್ಲಿದ್ದದ್ದು 28 ಮಿ.ಮೀ. ಟೈರ್, ರಿಮ್ಮಿನ ಒಳಅಗಲ 25. ಆ ಗದ್ದಲವನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡೆ, ಆದರೆ ಅದು ಕಿರಿದಾದ ಟೈರಿಗೆ ಹೆಚ್ಚು ಗಾಳಿ ತುಂಬುವ ರಸ್ತೆ ಸೈಕಲ್ಲಿನ ಲೆಕ್ಕ. 40ರ ಟೈರಿಗೆ ನಾನು ಮುಂದೆ 30, ಹಿಂದೆ 33 ಪಿಎಸ್‌ಐ ಹಾಕುತ್ತೇನೆ. ಮಿತಿಯ ಅರ್ಧವನ್ನೂ ಮುಟ್ಟುವುದಿಲ್ಲ. ಮೌಂಟನ್ ಬೈಕಿನವರು ಕೊಕ್ಕೆಯಿಲ್ಲದ ರಿಮ್ಮುಗಳಲ್ಲಿ ವರ್ಷಗಳಿಂದ ಓಡಾಡುತ್ತಿದ್ದಾರೆ.

ಹಾಗಾದರೆ ಕೊಕ್ಕೆ ಬಿಟ್ಟು ಸಿಗುವ ಲಾಭವೇನು? ಕಾರ್ಬನ್ ರಿಮ್ಮನ್ನು ಅಚ್ಚಿನಲ್ಲಿ ಮಾಡುವಾಗ ಅಂಚು ನೆಟ್ಟಗಿದ್ದರೆ ಕೆಲಸ ಸುಲಭ. ಇದು ತಯಾರಕರ ಲಾಭ, ಬೆಲೆ ಇಳಿದರೆ ಮಾತ್ರ ನಮ್ಮದು. ನನ್ನ ಮನಸ್ಸು ಒಪ್ಪಿದ್ದು ಅಂಚಿನ ದಪ್ಪಕ್ಕೆ. ಚೂಪು ಕಲ್ಲಿಗೆ ಚಕ್ರ ಬಡಿದಾಗ ಟೈರ್ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕೊಯ್ದುಹೋಗುತ್ತದೆ. ಅಗಲವಾಗಿ, ಮೊಂಡಾಗಿ ಇರುವ ಅಂಚು ಆ ಪೆಟ್ಟನ್ನು ಹರಡುತ್ತದೆ. ಕಡಿಮೆ ಗಾಳಿಯಲ್ಲಿ ಓಡಿಸುವ ನನಗೆ ಕೆಲವು ಗ್ರಾಂ ತೂಕಕ್ಕಿಂತ ಇದು ದೊಡ್ಡದು.

ಒಳಅಗಲ 25 ಮಿ.ಮೀ. ಇರುವ ರಿಮ್ಮನ್ನೇ ಆರಿಸಿದೆ. ಕಿರಿದಾದ ರಿಮ್ಮಿನ ಮೇಲೆ ಅಗಲ ಟೈರ್ ಬಲ್ಬಿನಂತೆ ಉಬ್ಬಿ, ತಿರುವಿನಲ್ಲಿ ಓಲಾಡುತ್ತದೆ. ರಿಮ್ ಅಗಲವಾದಂತೆ ಟೈರೂ ಹರಡಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು. ಪಕ್ಕದಲ್ಲಿ ಬರೆದಿರುವ ಸಂಖ್ಯೆಯನ್ನು ನಂಬಿ ಕೂರದೆ, ಗಾಳಿ ತುಂಬಿದ ಟೈರನ್ನು ಕ್ಯಾಲಿಪರಿನಿಂದ ಅಳೆದು, ಫ್ರೇಮಿನ ಎರಡೂ ಬದಿಯಲ್ಲಿ ಕೆಸರು ಹೋಗುವಷ್ಟು ಜಾಗವಿದೆಯೇ ಎಂದು ನೋಡಿದೆ. ಹಬ್ ಮತ್ತು ಕಡ್ಡಿಗಳ ವಿಚಾರದಲ್ಲಿ ತಲೆ ಕೆಡಿಸಿಕೊಳ್ಳಲಿಲ್ಲ: ಎಲ್ಲಿಯಾದರೂ ಸಿಗುವ ಕಡ್ಡಿ, ಟೈರ್ ಬಿಚ್ಚದೆ ತಿರುಗಿಸಬಹುದಾದ ನಿಪ್ಪಲ್ (ಕಡ್ಡಿಯನ್ನು ಬಿಗಿಮಾಡುವ ಪುಟ್ಟ ನಟ್ಟು). ಅಷ್ಟು ಸಾಕು.

ಹಣ ಕೊಡುವ ಮೊದಲು ರಿಮ್ ತಯಾರಕರ ಟೈರ್ ಪಟ್ಟಿಯನ್ನು ತೆರೆದು, ನನ್ನ ಟೈರಿನ ಹೆಸರನ್ನು ಅಳತೆಯ ಸಮೇತ ಹುಡುಕಿದೆ. ಟೈರಿನ ಪಕ್ಕದಲ್ಲೂ ಹುಕ್‌ಲೆಸ್ ರಿಮ್ಮಿಗೆ ಹೊಂದುತ್ತದೆ ಎಂಬ ಗುರುತಿತ್ತು. ಎರಡರಲ್ಲಿ ಒಂದು ತಪ್ಪಿದ್ದರೂ ನಾನು ಆ ಚಕ್ರ ಕೊಳ್ಳುತ್ತಿರಲಿಲ್ಲ.

ಜೋಡಿಸುವಾಗ ಬೀಡಿಗೆ ಸಾಬೂನು ನೀರು ಸವರಿ, ವಾಲ್ವಿನೊಳಗಿನ ತಿರುಳು (ಕೋರ್) ತೆಗೆದು ಪಂಪ್ ಹೊಡೆದೆ. ಟಪ್ ಟಪ್ ಎಂದು ಬೀಡ್ ಕೂತಿತು. ಶಬ್ದ ಕೇಳಿದ್ದೇ ಕೆಲಸ ಮುಗಿಯಿತು ಎನ್ನುವಂತಿಲ್ಲ. ಟೈರಿನ ಪಕ್ಕದಲ್ಲಿ ರಿಮ್ಮಿಗೆ ಅಂಟಿಕೊಂಡಂತೆ ಒಂದು ತೆಳು ಗೆರೆ ಇರುತ್ತದೆ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಅದು ಸುತ್ತಲೂ ಒಂದೇ ಸಮ ಕಾಣುತ್ತದೆಯೇ ಎಂದು ಎರಡೂ ಬದಿ ನೋಡಬೇಕು. ಎಲ್ಲಿ ಗೆರೆ ಮುಳುಗಿದೆಯೋ ಅಲ್ಲಿ ಬೀಡ್ ಇನ್ನೂ ಕೂತಿಲ್ಲ. ಆಗ ಮಿತಿ ದಾಟಿಸಿ ಗಾಳಿ ತುರುಕಬಾರದು. ಗಾಳಿ ಬಿಟ್ಟು, ಮತ್ತೆ ಸಾಬೂನು ಸವರಿ ಮೊದಲಿನಿಂದ ತುಂಬಬೇಕು.

ಇದೇ ಚಕ್ರಕ್ಕೆ ಆಗಾಗ 28ರ ರಸ್ತೆ ಟೈರನ್ನೂ ಹಾಕಬಹುದೇ ಎಂದು ಗೆಳೆಯರು ಕೇಳುತ್ತಾರೆ. ಬೇಡವೆನ್ನುತ್ತೇನೆ: ಡಿ ಗೆಂಡ್ಟ್ ಅವರ ಚಕ್ರದಲ್ಲಿದ್ದದ್ದೂ ಇದೇ ಅಳತೆಗಳ ಜೋಡಿ. ಒಂದೇ ಜೊತೆ ಚಕ್ರದಲ್ಲಿ ಎರಡೂ ಕೆಲಸ ಆಗಬೇಕೆನ್ನುವವರು ಕೊಕ್ಕೆಯಿರುವ, ಒಳಅಗಲ 21 ಮಿ.ಮೀ. ಆಸುಪಾಸಿನ ರಿಮ್ಮನ್ನು ಕೊಳ್ಳಲಿ.